ಪಟ್ಟಿಯಲ್ಲಿ ಯಾರಿರಬೇಕು?
(ಒಂದು ರಗ್ಬಿ ಪಂದ್ಯದಿಂದ ಕಲಿಯುವ ಪಾಠ)

ಮಕ್ಕಳೇ,

ನಮ್ಮ ಗೋಡೆ ಪತ್ರಿಕೆಯ ಪಕ್ಕದಲ್ಲೇ ಶಾಲೆಯ ನೋಟೀಸು ಬೋರ್ಡು ಇದೆ. ಪರೀಕ್ಷೆಯ ವೇಳಾಪಟ್ಟಿ ಹಾಕಿದರೆ ಅಲ್ಲಿ ನಾಲ್ಕು ಜನ ನಿಲ್ಲುತ್ತಾರೆ. ಕಬಡ್ಡಿ ತಂಡದ ಪಟ್ಟಿ ಹಾಕಿದರೆ ಇಡೀ ಶಾಲೆಯೇ ನಿಲ್ಲುತ್ತದೆ! "ಅವನ್ಯಾಕೆ? ಇವನ್ಯಾಕಿಲ್ಲ?" ಅನ್ನೋ ಗಲಾಟೆ ಬೆಲ್ ಹೊಡೆದರೂ ನಿಲ್ಲೋದಿಲ್ಲ. ಈ ಸಲವೂ ಹಾಗೇ ಆಯಿತು. ಇದೇ ವಿಷಯಕ್ಕೆ ಇಬ್ಬರು ಗೆಳೆಯರು ಎರಡು ದಿನ ಮಾತು ಬಿಟ್ಟಿದ್ದೂ ನನಗೆ ಗೊತ್ತು. ಹೆಸರು ಬೇಡ.

ವಾದ ಮಾಡಬೇಡಿ ಅಂತ ನಾನು ಹೇಳೋದಿಲ್ಲ. ವಾದ ಮಾಡಲೇಬೇಕು. ಆದರೆ ಅದಕ್ಕೊಂದು ರೀತಿ ಇದೆ. ಆ ರೀತಿಯನ್ನು ತಿಳಿಯಲು ದೂರದ ಒಂದು ಪಂದ್ಯವನ್ನು ಅಭ್ಯಾಸ ಮಾಡೋಣ. ಅದು 2023ರ ಅಕ್ಟೋಬರ್ 28ರಂದು ಫ್ರಾನ್ಸ್ ದೇಶದಲ್ಲಿ ನಡೆದ ರಗ್ಬಿ ವಿಶ್ವಕಪ್ ಫೈನಲ್. ಒಂದು ಕಡೆ ದಕ್ಷಿಣ ಆಫ್ರಿಕಾ, ಇನ್ನೊಂದು ಕಡೆ ನ್ಯೂಜಿಲೆಂಡ್. ಇಬ್ಬರೂ ಅದಕ್ಕೆ ಮೊದಲು ತಲಾ ಮೂರು ಸಲ ಕಪ್ ಗೆದ್ದವರು. ಪಂದ್ಯಕ್ಕೆ ಮೊದಲು ದಕ್ಷಿಣ ಆಫ್ರಿಕಾದ ಅಭಿಮಾನಿಗಳಲ್ಲಿ ತಂಡದ ಪಟ್ಟಿಯ ಬಗ್ಗೆ ಎಷ್ಟು ವಾದ ನಡೆಯಿತೆಂದರೆ, ನಮ್ಮ ನೋಟೀಸು ಬೋರ್ಡಿನ ಗಲಾಟೆ ಅದರ ಮುಂದೆ ಏನೂ ಅಲ್ಲ.

ಮೊದಲು ಆಟ ತಿಳಿಯೋಣ

ರಗ್ಬಿ ಆಟದಲ್ಲಿ ಒಂದೊಂದು ಕಡೆ 15 ಜನ. ಚೆಂಡು ದುಂಡಗಿರುವುದಿಲ್ಲ, ಮೊಟ್ಟೆಯಾಕಾರ. ಆಟದ ಅವಧಿ 80 ನಿಮಿಷ, ನಡುವೆ ವಿರಾಮ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ಎಸೆಯಬೇಕು. ಚೆಂಡು ಹಿಡಿದವನನ್ನು ಎದುರಾಳಿಗಳು ನಮ್ಮ ಕಬಡ್ಡಿಯ ಹಾಗೆ ಹಿಡಿದು ಕೆಡವಬಹುದು.

ಅಂಕಗಳು ಹೀಗೆ:

ಟ್ರೈ: ಎದುರಾಳಿಯ ಗಡಿ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ 5 ಅಂಕ.
ಕನ್ವರ್ಷನ್: ಟ್ರೈ ಆದ ಮೇಲೆ ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡು ಹೋಗುವಂತೆ ಒದ್ದರೆ 2 ಅಂಕ.
ಪೆನಾಲ್ಟಿ: ಎದುರಾಳಿ ತಪ್ಪು ಮಾಡಿದಾಗ ಸಿಗುವ ಒದೆತ. ಕಂಬಗಳ ನಡುವೆ ಹೋದರೆ 3 ಅಂಕ.
ಡ್ರಾಪ್ ಗೋಲ್: ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೊಡನೆ ಒದ್ದು ಕಂಬಗಳ ನಡುವೆ ಕಳಿಸಿದರೆ 3 ಅಂಕ.

15 ಜನರಲ್ಲಿ 8 ಜನ ಫಾರ್ವರ್ಡುಗಳು. ಇವರು ದೊಡ್ಡ ಆಳುಗಳು, ತಳ್ಳಾಟದ ಕೆಲಸ ಇವರದು. ಉಳಿದ 7 ಜನ ಬ್ಯಾಕುಗಳು. ಇವರು ಓಟಗಾರರು. ಎಲ್ಲರ ಬೆನ್ನ ಮೇಲೂ ನಂಬರು ಇರುತ್ತದೆ, ನಂಬರಿನ ಪ್ರಕಾರ ಕೆಲಸ. ಈ ಪಾಠಕ್ಕೆ ಮೂರು ನಂಬರು ನೆನಪಿಟ್ಟುಕೊಂಡರೆ ಸಾಕು.

2ನೇ ನಂಬರು ಹುಕರ್. ಎರಡೂ ಕಡೆಯ ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವುದಕ್ಕೆ ಸ್ಕ್ರಮ್ ಅನ್ನುತ್ತಾರೆ. ಅದರ ಮುಂದಿನ ಸಾಲಿನ ನಟ್ಟನಡುವೆ ನಿಲ್ಲುವವನು ಹುಕರ್. ಚೆಂಡು ಪಕ್ಕದ ಗೆರೆಯಿಂದ ಹೊರಗೆ ಹೋದಾಗ ಅದನ್ನು ಒಳಕ್ಕೆ ಎಸೆಯುವವನೂ ಸಾಮಾನ್ಯವಾಗಿ ಇವನೇ. ಅದಕ್ಕೆ ಲೈನ್‌ಔಟ್ ಅನ್ನುತ್ತಾರೆ. ಎಸೆತ ಒಂದು ಗೇಣು ಆಚೀಚೆ ಆದರೂ ಚೆಂಡು ಎದುರಾಳಿ ಪಾಲು.

9ನೇ ನಂಬರು ಸ್ಕ್ರಮ್-ಹಾಫ್. ತಳ್ಳಾಟದ ಬುಡದಿಂದ ಚೆಂಡು ಎತ್ತಿ ಕೊಡುವವನು.

10ನೇ ನಂಬರು ಫ್ಲೈ-ಹಾಫ್. ಓಡಬೇಕೋ, ಒದೆಯಬೇಕೋ, ಪಾಸ್ ಕೊಡಬೇಕೋ ಎಂದು ತೀರ್ಮಾನಿಸುವವನು. ಕಂಬಗಳಿಗೆ ಗುರಿಯಿಟ್ಟು ಒದೆಯುವ ಕೆಲಸವೂ ಹೆಚ್ಚಾಗಿ ಇವನದೇ.

ಇವರಲ್ಲದೆ 8 ಜನ ಮೀಸಲು ಆಟಗಾರರು ಬೆಂಚಿನಲ್ಲಿ ಕೂತಿರುತ್ತಾರೆ. ಸಾಮಾನ್ಯವಾಗಿ ಅವರಲ್ಲಿ 5 ಫಾರ್ವರ್ಡು, 3 ಬ್ಯಾಕು. ಈ ಲೆಕ್ಕ ಮುಂದೆ ಬೇಕಾಗುತ್ತದೆ, ಮರೆಯಬೇಡಿ.

ಒಬ್ಬ ಹೋದ, ಬೇರೆ ಕೆಲಸದವನು ಬಂದ

ದಕ್ಷಿಣ ಆಫ್ರಿಕಾ ತಂಡಕ್ಕೆ ಸ್ಪ್ರಿಂಗ್‌ಬಾಕ್ ಎಂದು ಹೆಸರು. ಅದು ಅಲ್ಲಿನ ಒಂದು ಜಾತಿಯ ಜಿಂಕೆ. 2023ರ ವಿಶ್ವಕಪ್ಪಿಗೆ ಈ ತಂಡ 33 ಜನರನ್ನು ಆರಿಸಿಕೊಂಡು ಹೊರಟಿತು. ಆಗ ಕೋಚ್ ಆಗಿದ್ದವರು ಜಾಕ್ ನೀನಾಬರ್. ಅವರ ಜೊತೆ ರಾಸಿ ಎರಾಸ್ಮಸ್ ಎಂಬ ಹಿರಿಯ ತಲೆ.

ಹಿಂದಿನ ವಿಶ್ವಕಪ್ಪಿನ, ಅಂದರೆ 2019ರ ಫೈನಲ್ಲಿನಲ್ಲಿ ಇಂಗ್ಲೆಂಡನ್ನು 32-12ರಿಂದ ಸೋಲಿಸಿದಾಗ 10ನೇ ನಂಬರಿನಲ್ಲಿ ಆಡಿದವರು ಹ್ಯಾಂಡ್ರೆ ಪೊಲಾರ್ಡ್. ಆ 32 ಅಂಕದಲ್ಲಿ 22 ಅವರ ಕಾಲಿನಿಂದಲೇ ಬಂದಿದ್ದವು. ಆದರೆ 2023ರಲ್ಲಿ ಮೀನಖಂಡದ ನೋವಿನಿಂದ ಅವರು ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಅವರ ಜಾಗಕ್ಕೆ ಬಂದವರು ಮ್ಯಾನಿ ಲಿಬೊಕ್. ಲಿಬೊಕ್ ಆಟ ನೋಡಲು ಬಲು ಚೆಂದ. ಸ್ಕಾಟ್ಲೆಂಡ್ ವಿರುದ್ಧ ಒಂದು ಕಡೆ ನೋಡುತ್ತಾ ಇನ್ನೊಂದು ಕಡೆಗೆ ಚೆಂಡು ಒದ್ದು, ಓಡಿ ಬಂದ ಜೊತೆಗಾರನಿಗೆ ಸರಿಯಾಗಿ ತಲುಪಿಸಿ ಟ್ರೈ ಮಾಡಿಸಿದರು. ಆದರೆ ಕಂಬಕ್ಕೆ ಗುರಿಯಿಡುವ ಒದೆತದಲ್ಲಿ ಮಾತ್ರ ಅವರನ್ನು ನಂಬಿ ಕೂರುವ ಹಾಗಿರಲಿಲ್ಲ.

ಅಷ್ಟರಲ್ಲಿ ಒಂದು ಅಪಾಯ ಎದುರಾಯಿತು. ತಂಡದ ದೊಡ್ಡ ಹುಕರ್ ಮಾಲ್ಕಮ್ ಮಾರ್ಕ್ಸ್ ಅಭ್ಯಾಸದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು ಮನೆಗೆ ಹೊರಟರು. ಒಬ್ಬ ಹೋದರೆ ಒಬ್ಬನನ್ನು ಕರೆಸಬಹುದು ಎಂಬುದು ನಿಯಮ. ಹುಕರ್ ಹೋದಾಗ ಹುಕರನ್ನೇ ಕರೆಸಬೇಕಲ್ವೇ? ಸೆಪ್ಟೆಂಬರ್ 17ರಂದು ಕರೆ ಹೋದದ್ದು ಗುಣಮುಖರಾಗಿದ್ದ ಪೊಲಾರ್ಡ್ ಅವರಿಗೆ! ಬಡಗಿ ಕೆಲಸ ಬಿಟ್ಟು ಹೋದ ಅಂತ ಗಾರೆಯವನನ್ನು ಕರೆಸಿದ ಹಾಗಾಯಿತು.

ಇಲ್ಲಿಂದ ಅಭಿಮಾನಿಗಳು ಎರಡು ಪಂಗಡವಾದರು. ನಮ್ಮ ಚರ್ಚಾ ಸ್ಪರ್ಧೆಯ ರೀತಿಯಲ್ಲಿ ಎರಡೂ ಕಡೆಯ ಮಾತನ್ನು ಬರೆಯುತ್ತೇನೆ.

ಪರ: ದೊಡ್ಡ ಪಂದ್ಯಗಳು ಒಂದೆರಡು ಅಂಕದಲ್ಲಿ ತೀರ್ಮಾನವಾಗುತ್ತವೆ. ಆಗ ನಡುಗದೆ ಒದೆಯುವ ಕಾಲು ಬೇಕು. ಪೊಲಾರ್ಡ್ ಒಂದು ವಿಶ್ವಕಪ್ ಗೆಲ್ಲಿಸಿ ತೋರಿಸಿದ್ದಾರೆ.

ವಿರೋಧ: ಈಗ ತಂಡದಲ್ಲಿ ಪೂರ್ಣಾವಧಿಯ ಹುಕರ್ ಬೊಂಗಿ ಎಂಬೊನಾಂಬಿ ಒಬ್ಬರೇ. ಅವರಿಗೂ ಪೆಟ್ಟಾದರೆ? ಬೇರೆ ಜಾಗದಲ್ಲಿ ಆಡುವವರನ್ನು ಹುಕರ್ ಜಾಗದಲ್ಲಿ ನಿಲ್ಲಿಸಬೇಕು. ಒಂದು ತೂತು ಮುಚ್ಚಲು ಹೋಗಿ ಇನ್ನೊಂದು ತೂತು ಮಾಡಿಕೊಂಡ ಹಾಗೆ.

ಎರಡೂ ಮಾತು ಓದಿದಾಗ ಎರಡೂ ಸರಿ ಅನ್ನಿಸುತ್ತದೆ, ಅಲ್ವೇ? ಅದೇ ಒಳ್ಳೆಯ ವಾದದ ಲಕ್ಷಣ.

ಹನ್ನೊಂದು ಅಂಕದ ಲೆಕ್ಕ

ಸೆಪ್ಟೆಂಬರ್ 23ರಂದು ದಕ್ಷಿಣ ಆಫ್ರಿಕಾ ಐರ್ಲೆಂಡ್ ವಿರುದ್ಧ 8-13ರಿಂದ ಸೋತಿತು. ಸೋತದ್ದು 5 ಅಂಕದಿಂದ. ಒದೆತದಲ್ಲಿ ತಪ್ಪಿಸಿಕೊಂಡದ್ದು 11 ಅಂಕ! "ನೋಡಿ, ಲಿಬೊಕ್‌ನಿಂದ ಸೋತೆವು" ಎಂದು ಎಷ್ಟೋ ಜನ ಕೂಗಿದರು.

ಮಕ್ಕಳೇ, ಸ್ಲೇಟು ತೆಗೆದು ಲೆಕ್ಕ ಮಾಡಿ. ಲಿಬೊಕ್ ತಪ್ಪಿಸಿದ್ದು ಒಂದು ಕನ್ವರ್ಷನ್, ಒಂದು ಪೆನಾಲ್ಟಿ. 2 + 3 = 5. ಸ್ಕ್ರಮ್-ಹಾಫ್ ಫಾಫ್ ಡಿ ಕ್ಲರ್ಕ್ ತಪ್ಪಿಸಿದ್ದು ಎರಡು ಪೆನಾಲ್ಟಿ. 3 + 3 = 6. ಒಟ್ಟು 11. ಅಂದರೆ ಹೆಚ್ಚು ಅಂಕ ತಪ್ಪಿದ್ದು ಡಿ ಕ್ಲರ್ಕ್ ಕಾಲಿನಿಂದ. ಅವರ ಒದೆತಗಳು ತುಂಬಾ ದೂರದವು, ಅದೂ ನಿಜ. ಆದರೂ ಬೈಗುಳದಲ್ಲಿ ದೊಡ್ಡ ಪಾಲು ಲಿಬೊಕ್ ಅವರಿಗೆ ಬಂತು. ಯಾಕೆ? ಮೊದಲೇ ಮನಸ್ಸಿನಲ್ಲಿ ಒಬ್ಬನನ್ನು ತಪ್ಪಿತಸ್ಥ ಅಂತ ಕೂರಿಸಿಕೊಂಡರೆ ಲೆಕ್ಕವೂ ಅವನ ಕಡೆಗೇ ವಾಲುತ್ತದೆ. ಅರ್ಧ ಲೆಕ್ಕ ಸುಳ್ಳಿಗಿಂತ ಕೆಟ್ಟದ್ದು. ಸುಳ್ಳನ್ನಾದರೂ ಹಿಡಿಯಬಹುದು.

ಒಂದು ಅಂಕ, ಮತ್ತೊಂದು ಅಂಕ

ಅಕ್ಟೋಬರ್ 15ರಂದು ಕ್ವಾರ್ಟರ್ ಫೈನಲ್. ಎದುರಾಳಿ ಆತಿಥೇಯ ಫ್ರಾನ್ಸ್. ಕೋಚ್ 10ನೇ ನಂಬರು ಕೊಟ್ಟದ್ದು ಲಿಬೊಕ್ ಅವರಿಗೇ. ಪೊಲಾರ್ಡ್ ಬೆಂಚಿನಲ್ಲಿ. ಲಿಬೊಕ್ ಎರಡು ಕನ್ವರ್ಷನ್ ಒದ್ದು 4 ಅಂಕ ತಂದರು. ವಿರಾಮದ ನಂತರ ಬಂದ ಪೊಲಾರ್ಡ್ ಒಂದು ಕನ್ವರ್ಷನ್, ಒಂದು ಪೆನಾಲ್ಟಿಯಿಂದ 5 ಅಂಕ ತಂದರು. ದಕ್ಷಿಣ ಆಫ್ರಿಕಾ 29, ಫ್ರಾನ್ಸ್ 28. ಒಂದೇ ಅಂಕ! ಇದರಲ್ಲಿ ಇನ್ನೊಂದು ವಿಶೇಷ ಉಂಟು. ಫ್ರಾನ್ಸಿನವರು ಕನ್ವರ್ಷನ್ ಒದೆಯಲು ಹೆಜ್ಜೆ ಇಟ್ಟ ಕೂಡಲೇ ಚೆಸ್ಲಿನ್ ಕೋಲ್ಬಿ ಎಂಬ ಸಣ್ಣ ಗಾತ್ರದ ಆಟಗಾರ ಮಿಂಚಿನ ಹಾಗೆ ಓಡಿ ಬಂದು ಆ ಚೆಂಡನ್ನು ತಡೆದರು. ಆ 2 ಅಂಕ ಹೋಗಿದ್ದರೆ ಪಂದ್ಯವೇ ಹೋಗುತ್ತಿತ್ತು.

ಅಕ್ಟೋಬರ್ 21ರಂದು ಸೆಮಿಫೈನಲ್, ಇಂಗ್ಲೆಂಡ್ ವಿರುದ್ಧ. ಮಳೆ ಬೇರೆ. ಮತ್ತೆ ಲಿಬೊಕ್ ಅವರೇ ಆಟ ಶುರುಮಾಡಿದರು. ಮಳೆಯಲ್ಲಿ ಅವರ ಓಟದ ಆಟ ಕುದುರಲಿಲ್ಲ. ವಿರಾಮಕ್ಕೆ ಮುಂಚೆಯೇ ಕೋಚ್ ಅವರನ್ನು ಹೊರಗೆ ಕರೆಸಿ ಪೊಲಾರ್ಡ್ ಅವರನ್ನು ಇಳಿಸಿದರು. ಎಲ್ಲರ ಕಣ್ಣೆದುರು, ಅರ್ಧ ಆಟವೂ ಆಗದೆ ಹೊರಗೆ ಬರುವ ಸಂಕಟ ಆಡಿದವರಿಗೇ ಗೊತ್ತು. ಪಂದ್ಯ ಮುಗಿಯಲು ಎರಡು-ಮೂರು ನಿಮಿಷ ಇರುವಾಗ ಸುಮಾರು 50 ಮೀಟರ್ ದೂರದಿಂದ ಪೊಲಾರ್ಡ್ ಒಂದು ಪೆನಾಲ್ಟಿ ಒದ್ದರು. 16-15. ಮತ್ತೆ ಒಂದೇ ಅಂಕ!

ಫೈನಲ್ ಪಟ್ಟಿ ಬಂತು

ಈಗ ಫೈನಲ್. ಪಟ್ಟಿ ಬಂದಾಗ ಜನ ಬೆಕ್ಕಸಬೆರಗಾದರು.

10ನೇ ನಂಬರು: ಪೊಲಾರ್ಡ್. ಇದನ್ನು ಎಲ್ಲರೂ ಊಹಿಸಿದ್ದರು. ಆದರೆ ಲಿಬೊಕ್ ಬೆಂಚಿನಲ್ಲೂ ಇರಲಿಲ್ಲ. 9ನೇ ನಂಬರು: ಫಾಫ್ ಡಿ ಕ್ಲರ್ಕ್. ಹಿಂದಿನ ಎರಡು ಪಂದ್ಯ ಶುರುಮಾಡಿದ್ದ ಕೋಬಸ್ ರೈನಾಖ್ ಪೂರ್ತಿ ಹೊರಗೆ. ಬೆಂಚಿನಲ್ಲಿ ಮಾಮೂಲಿನಂತೆ 5 ಮತ್ತು 3 ಅಲ್ಲ, 7 ಫಾರ್ವರ್ಡು ಮತ್ತು 1 ಬ್ಯಾಕು! ಆ ಒಬ್ಬ ಬ್ಯಾಕು ವಿಲ್ಲಿ ಲೆ ರೂ. ಎಂಬೊನಾಂಬಿ ಅವರಿಗೆ ಮೀಸಲು ಹುಕರ್ ಆಗಿ 37 ವರ್ಷದ ಡಿಯಾನ್ ಫೂರಿ. ಫೂರಿ ಹಿಂದೊಮ್ಮೆ ಹುಕರ್ ಆಗಿದ್ದವರೇ, ಆದರೆ ಎಷ್ಟೋ ವರ್ಷದಿಂದ ಬೇರೆ ಜಾಗದಲ್ಲಿ ಆಡುತ್ತಿದ್ದರು.

ಪರ: ನ್ಯೂಜಿಲೆಂಡಿನವರು ವೇಗದ ಆಟಗಾರರು. ಅವರನ್ನು ತಡೆಯಬೇಕಾದರೆ ತಳ್ಳಾಟದಲ್ಲಿ ದಣಿಸಬೇಕು. ವಿರಾಮದ ಮೇಲೆ ಏಳು ಹೊಸ ಆಳು ಇಳಿದರೆ ಎದುರಾಳಿಗಳ ಉಸಿರು ಕಟ್ಟುತ್ತದೆ. ಆಗಸ್ಟಿನಲ್ಲಿ ಇದೇ 7-1 ಲೆಕ್ಕದಲ್ಲಿ ಇದೇ ನ್ಯೂಜಿಲೆಂಡನ್ನು ಲಂಡನ್ನಿನಲ್ಲಿ 35-7ರಿಂದ ಸೋಲಿಸಿಲ್ಲವೇ?

ವಿರೋಧ: ಓಟಗಾರರಲ್ಲಿ ಇಬ್ಬರಿಗೆ ಪೆಟ್ಟಾದರೆ ಯಾರನ್ನು ಇಳಿಸುವುದು? ಡಿ ಕ್ಲರ್ಕ್ ಕಾಲು ಉಳುಕಿದರೆ ಇನ್ನೊಬ್ಬ ಸ್ಕ್ರಮ್-ಹಾಫ್ ಎಲ್ಲಿ? ಪೊಲಾರ್ಡ್ ಕುಂಟಿದರೆ ಒದೆಯುವವರು ಯಾರು? ಇದು ಆಯ್ಕೆಯಲ್ಲ, ಜೂಜು.

ಲಿಬೊಕ್ ಬಗ್ಗೆಯೂ ಮರುಕ ಇತ್ತು. ಅಲ್ಲಿಯವರೆಗೆ ಎರಡು ನಾಕೌಟ್ ಪಂದ್ಯ ಶುರುಮಾಡಿದವನನ್ನು ಕೊನೆಯ ದಿನ ಕೂರಿಸುವುದು ನ್ಯಾಯವೇ ಎಂದು ಕೆಲವರು ಕೇಳಿದರು. ನ್ಯಾಯ ಬೇರೆ, ಗೆಲ್ಲುವುದು ಬೇರೆ ಎಂದು ಇನ್ನು ಕೆಲವರು ಉತ್ತರ ಕೊಟ್ಟರು.

ಪಟ್ಟಿಯ ಹಿಂದಿನ ಹಳೆಯ ಗಾಯ

ಪಂದ್ಯದ ಕಥೆಗೆ ಹೋಗುವ ಮೊದಲು ಒಂದು ಪ್ರಶ್ನೆ. ಒಂದು ಆಟದ ಪಟ್ಟಿಗೆ ಆ ದೇಶದ ಜನ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ? ಅದಕ್ಕೆ ಇತಿಹಾಸ ನೋಡಬೇಕು.

ದಕ್ಷಿಣ ಆಫ್ರಿಕಾ ಅಂದರೆ ಗಾಂಧೀಜಿಯವರನ್ನು ಮೈಬಣ್ಣದ ಕಾರಣಕ್ಕೆ ರೈಲಿನಿಂದ ಇಳಿಸಿದ ನೆಲ. ಮುಂದೆ 1948ರಿಂದ ಅಲ್ಲಿನ ಸರ್ಕಾರ ವರ್ಣಭೇದವನ್ನೇ ಕಾನೂನು ಮಾಡಿತು. ಬಿಳಿಯರಿಗೆ ಬೇರೆ ಶಾಲೆ, ಬೇರೆ ಬೀದಿ, ಬೇರೆ ಆಟದ ಬಯಲು. ದೇಶದ ರಗ್ಬಿ ತಂಡದಲ್ಲಿ ಬಿಳಿಯರು ಮಾತ್ರ. ಬಿಳಿಯರಲ್ಲದ ಮೊದಲ ಆಟಗಾರ ಎರಲ್ ಟೋಬಾಯಸ್ ಆ ತಂಡಕ್ಕೆ ಆಡಿದ್ದು 1981ರಲ್ಲಿ. ಕಪ್ಪು ಜನರೂ ರಗ್ಬಿ ಆಡುತ್ತಿದ್ದರು, ಚೆನ್ನಾಗಿಯೇ ಆಡುತ್ತಿದ್ದರು. ಆದರೆ ಪಟ್ಟಿ ಬರೆಯುವವರ ಕಣ್ಣಿಗೆ ಅವರು ಕಾಣುತ್ತಿರಲಿಲ್ಲ. ಹಾಗಾಗಿ ಸ್ಪ್ರಿಂಗ್‌ಬಾಕ್ ಪಂದ್ಯ ನಡೆದಾಗ ಎಷ್ಟೋ ಕಪ್ಪು ಜನ ತಮ್ಮದೇ ದೇಶ ಸೋಲಲಿ ಎಂದು ಎದುರಾಳಿಗಳಿಗೆ ಚಪ್ಪಾಳೆ ತಟ್ಟುತ್ತಿದ್ದರು. ಪಟ್ಟಿಯಲ್ಲಿ ನಮ್ಮವರು ಒಬ್ಬರೂ ಇಲ್ಲದಿದ್ದರೆ ಆ ತಂಡ ನಮ್ಮದು ಹೇಗಾದೀತು?

ಈ ಕೇಡು ಗಡಿ ದಾಟಿತು. ನ್ಯೂಜಿಲೆಂಡಿನ ಮೂಲ ನಿವಾಸಿಗಳು ಮಾವೊರಿ ಜನ. ಅವರು ಒಳ್ಳೆಯ ರಗ್ಬಿ ಆಟಗಾರರು. ದಕ್ಷಿಣ ಆಫ್ರಿಕಾಕ್ಕೆ ಬೇಸರವಾಗಬಾರದು ಎಂದು ನ್ಯೂಜಿಲೆಂಡ್ 1928, 1949 ಮತ್ತು 1960ರ ಪ್ರವಾಸಗಳಲ್ಲಿ ಮಾವೊರಿ ಆಟಗಾರರನ್ನು ಬಿಟ್ಟು ಹೋಯಿತು. 1960ರಲ್ಲಿ ನ್ಯೂಜಿಲೆಂಡಿನ ಜನ ಸುಮ್ಮನಿರಲಿಲ್ಲ. "ಮಾವೊರಿ ಇಲ್ಲದಿದ್ದರೆ ಪ್ರವಾಸವೂ ಬೇಡ" ಎಂದು ಘೋಷಣೆ ಕೂಗಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಆದರೂ ತಂಡ ಹೋಯಿತು. 1970ರಲ್ಲಿ ಮಾವೊರಿ ಆಟಗಾರರಿಗೆ ದಾರಿ ಬಿಟ್ಟರು, ಆದರೆ "ಗೌರವಾರ್ಥ ಬಿಳಿಯರು" ಎಂಬ ಹಣೆಪಟ್ಟಿ ಕಟ್ಟಿ. ಗೌರವವೋ, ಅವಮಾನವೋ ನೀವೇ ಹೇಳಿ.

ಪ್ರಪಂಚ ದಕ್ಷಿಣ ಆಫ್ರಿಕಾವನ್ನು ದೂರ ಇಟ್ಟಿತು. 1987 ಮತ್ತು 1991ರ ರಗ್ಬಿ ವಿಶ್ವಕಪ್ಪಿನಲ್ಲಿ ಅದು ಆಡಲೇ ಇಲ್ಲ. 1994ರಲ್ಲಿ ಎಲ್ಲ ಬಣ್ಣದವರೂ ಓಟು ಹಾಕಿ ನೆಲ್ಸನ್ ಮಂಡೇಲಾ ಅಧ್ಯಕ್ಷರಾದರು. 1995ರಲ್ಲಿ ತಮ್ಮ ನೆಲದಲ್ಲೇ ನಡೆದ ಫೈನಲ್ಲಿನಲ್ಲಿ ನ್ಯೂಜಿಲೆಂಡನ್ನು 15-12ರಿಂದ ಸೋಲಿಸಿ ದಕ್ಷಿಣ ಆಫ್ರಿಕಾ ಕಪ್ ಗೆದ್ದಿತು. ಮಂಡೇಲಾ ನಾಯಕ ಫ್ರಾಂಸ್ವಾ ಪೀನಾರ್ ಅವರ 6ನೇ ನಂಬರಿನ ಅಂಗಿಯನ್ನೇ ತೊಟ್ಟು ಬಂದು ಕಪ್ ಕೊಟ್ಟರು. ಆದರೆ ಆ ತಂಡದಲ್ಲಿ ಬಿಳಿಯರಲ್ಲದವರು ಒಬ್ಬರೇ: ಚೆಸ್ಟರ್ ವಿಲಿಯಮ್ಸ್. 2019ರ ಫೈನಲ್ ಶುರುಮಾಡಿದ 15 ಜನರಲ್ಲಿ ಅಂಥವರು ಆರು ಜನ. ನಾಯಕ ಸಿಯಾ ಕೊಲಿಸಿ. ಬಡ ಬಡಾವಣೆಯಲ್ಲಿ ಅಜ್ಜಿಯ ಆರೈಕೆಯಲ್ಲಿ, ಹಸಿವು ಕಂಡು ಬೆಳೆದ ಹುಡುಗ. 2018ರಲ್ಲಿ ಆ ದೇಶದ ತಂಡಕ್ಕೆ ಮೊದಲ ಕಪ್ಪು ನಾಯಕರಾದರು. 2023ರ ಫೈನಲ್ಲಿಗೂ ಅವರೇ ನಾಯಕರು, ಅದೇ 6ನೇ ನಂಬರು.

ಲಿಬೊಕ್ ಕೂಡ ಒಂದು ಕಾಲದಲ್ಲಿ ಹೊರಗಿಟ್ಟಿದ್ದ ಸಮುದಾಯದಿಂದಲೇ ಬಂದವರು. 10ನೇ ನಂಬರು ಅಂದರೆ ತಂಡದ ತಲೆ. ಆ ಜಾಗದಲ್ಲಿ ಬಿಳಿಯರಲ್ಲದವರು ನಿಂತದ್ದು ಅಪರೂಪ. ಹಾಗಾಗಿ ಅವರ ಪರ ಮಾತಾಡಿದ ಎಷ್ಟೋ ಜನರಿಗೆ ಅದು ಬರೀ ಒದೆತದ ಲೆಕ್ಕ ಆಗಿರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಪರೀಕ್ಷೆ ಬರೆಯಲು ಬಿಟ್ಟು ಅಂಕ ಕಡಿಮೆ ಕೊಡುವುದು ಒಂದು. ಶಾಲೆಯ ಬಾಗಿಲನ್ನೇ ತೆಗೆಯದಿರುವುದು ಇನ್ನೊಂದು. ಮಾವೊರಿ ಆಟಗಾರರಿಗೆ 1960ರಲ್ಲಿ ಆದದ್ದು ಎರಡನೆಯದು. ಅದು ಆಯ್ಕೆಯೇ ಅಲ್ಲ, ಅನ್ಯಾಯ. ಲಿಬೊಕ್ ಅವರಿಗೆ 2023ರಲ್ಲಿ ಆದದ್ದು ಮೊದಲನೆಯದು. ಅವರಿಗೆ ಬಾಗಿಲು ತೆರೆದಿತ್ತು, ಆಡಲು ಬಿಟ್ಟರು, ನೋಡಿದರು, ಆಮೇಲೆ ಆ ಒಂದು ಪಂದ್ಯಕ್ಕೆ ಬೇರೆಯವರನ್ನು ಆರಿಸಿದರು. ನೋವು ಇದ್ದೇ ಇದೆ. ಆದರೆ ಆ ಆಯ್ಕೆಗೆ ಕಾರಣ ಕೇಳಬಹುದು, ಕಾರಣ ಹೇಳಬಹುದು, ಕಾರಣ ತಪ್ಪು ಅಂತ ವಾದಿಸಲೂಬಹುದು. "ಅವನು ಇಂಥವರ ಮಗ, ಆದ್ದರಿಂದ ಬೇಡ" ಅನ್ನುವ ಪಟ್ಟಿಯ ಜೊತೆ ವಾದ ಮಾಡೋಕೆ ಏನಿದೆ?

ಪಂದ್ಯದ ದಿನ

ಅಂದೂ ಮೈದಾನ ಒದ್ದೆ. ಆಟ ಶುರುವಾಗಿ ಐದು ನಿಮಿಷ ಆಗುವುದರೊಳಗೆ ಏನಾಯಿತು ಗೊತ್ತೇ? ಹುಕರ್ ಎಂಬೊನಾಂಬಿ ಮಂಡಿಗೆ ಪೆಟ್ಟು ಬಿದ್ದು ಹೊರಗೆ ಹೋದರು! ವಿರೋಧ ಪಕ್ಷದವರು ಒಂದು ತಿಂಗಳಿಂದ ಹೇಳುತ್ತಿದ್ದದ್ದೇ ನಡೆಯಿತು. 37 ವರ್ಷದ ಫೂರಿ ಒಳಗೆ ಬಂದು ಉಳಿದ ಆಟ ಪೂರ್ತಿ ಆಡಬೇಕಾಯಿತು. ಲೈನ್‌ಔಟಿನಲ್ಲಿ ಕೆಲವು ಎಸೆತ ಎದುರಾಳಿಗಳ ಪಾಲಾದವು. ಆದರೂ ಆ ಮನುಷ್ಯ ಬಿದ್ದು ಎದ್ದು ಕೊನೆತನಕ ದುಡಿದರು.

ಇನ್ನೊಂದು ಕಡೆ ಪೊಲಾರ್ಡ್. ಮೊದಲರ್ಧದಲ್ಲಿ ನಾಲ್ಕು ಪೆನಾಲ್ಟಿ ಸಿಕ್ಕವು, ನಾಲ್ಕನ್ನೂ ಕಂಬಗಳ ನಡುವೆ ಕಳಿಸಿದರು. 3 × 4 = 12. ವಿರಾಮಕ್ಕೆ 12-6. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಎದುರಾಳಿಯ ತಲೆಗೆ ತಾಗುವಂತೆ ಹಿಡಿದದ್ದಕ್ಕೆ ಕೆಂಪು ಕಾರ್ಡು ಕಂಡು ಹೊರಗೆ ಹೋದರು. ಆ ತಂಡ ಉಳಿದ ಹೊತ್ತೆಲ್ಲ ಒಬ್ಬ ಕಡಿಮೆಯಾಗಿ ಆಡಿತು. ಹಾಗಿದ್ದೂ ವಿರಾಮದ ಮೇಲೆ ಅವರದೇ ಜೋರು. ಬೋಡನ್ ಬ್ಯಾರೆಟ್ ಒಂದು ಟ್ರೈ ಮಾಡಿದರು. 12-11. ಕನ್ವರ್ಷನ್ ಆಗಿದ್ದರೆ ನ್ಯೂಜಿಲೆಂಡ್ ಮುಂದೆ ಹೋಗುತ್ತಿತ್ತು. ರಿಚಿ ಮೊಉಂಗಾ ಒದೆತ ತಪ್ಪಿತು. ಕೊನೆಗೆ ಏಳು ನಿಮಿಷ ಇರುವಾಗ ಜೋರ್ಡಿ ಬ್ಯಾರೆಟ್ ದೂರದಿಂದ ಒಂದು ಪೆನಾಲ್ಟಿ ಒದ್ದರು. ಅದೂ ಕಂಬದ ಪಕ್ಕಕ್ಕೆ ಹೋಯಿತು. ದಕ್ಷಿಣ ಆಫ್ರಿಕಾ ವಿರಾಮದ ಮೇಲೆ ಒಂದು ಅಂಕವನ್ನೂ ಮಾಡಲಿಲ್ಲ. 12-11ರಲ್ಲೇ ಪಂದ್ಯ ಮುಗಿಯಿತು. ಮೂರನೇ ಸಲ ಒಂದೇ ಅಂಕ! ನಾಲ್ಕನೇ ಸಲ ಕಪ್ಪು!

ಹಾಗಾದರೆ ಯಾರ ವಾದ ಸರಿ?

"ಗೆದ್ದರಲ್ಲ ಸಾರ್, ಪರ ವಾದವೇ ಸರಿ" ಅನ್ನುತ್ತೀರಿ. ಸ್ವಲ್ಪ ನಿಲ್ಲಿ.

ಪೊಲಾರ್ಡ್ ಇಲ್ಲದಿದ್ದರೆ ಆ 12 ಅಂಕ ಬರುತ್ತಿತ್ತೋ ಇಲ್ಲವೋ. ಇದು ಪರ ವಾದಕ್ಕೆ ಬಲ. ಆದರೆ ಇನ್ನೊಬ್ಬ ಪೂರ್ಣ ಹುಕರ್ ಇದ್ದಿದ್ದರೆ ಲೈನ್‌ಔಟ್ ಕೆಡುತ್ತಿರಲಿಲ್ಲ, ಟ್ರೈಗಳೇ ಬರುತ್ತಿದ್ದವೋ ಏನೋ. ಇದು ವಿರೋಧ ವಾದಕ್ಕೆ ಬಲ. ಜೋರ್ಡಿ ಬ್ಯಾರೆಟ್ ಒದ್ದ ಚೆಂಡು ಸ್ವಲ್ಪ ಒಳಗೆ ಬಿದ್ದಿದ್ದರೆ ನ್ಯೂಜಿಲೆಂಡಿಗೆ 14 ಅಂಕ. ಆಗ ಇಡೀ ದೇಶ ಆ 7-1 ಪಟ್ಟಿಯನ್ನೇ ಬೈಯುತ್ತಿತ್ತು. ಪಟ್ಟಿ ಅದೇ, ಅದರ ಹಿಂದಿನ ಯೋಚನೆಯೂ ಅದೇ. ಎದುರಾಳಿಯ ಒಂದು ಒದೆತದಿಂದ ಜಾಣತನ ದಡ್ಡತನ ಆಗಿಬಿಡುತ್ತದೆಯೇ?

ಆದ್ದರಿಂದ ಫಲಿತಾಂಶ ನೋಡಿ ವಾದವನ್ನು ಅಳೆಯಬಾರದು. ಮಳೆ ಬರುತ್ತದೆಂದು ಮೋಡ ನೋಡಿ ಬಿತ್ತಿದ ರೈತನಿಗೆ ಮಳೆ ಕೈಕೊಟ್ಟರೆ ಅವನು ದಡ್ಡನಲ್ಲ. ಯೋಚಿಸದೆ ಬಿತ್ತಿದವನಿಗೆ ಬೆಳೆ ಬಂದರೆ ಅವನು ಜಾಣನೂ ಅಲ್ಲ. ಪಟ್ಟಿ ಬರೆದ ದಿನ ಏನು ಗೊತ್ತಿತ್ತು, ಯಾವುದನ್ನು ಯಾವುದಕ್ಕೆ ತೂಗಿದರು, ಅದನ್ನು ನೋಡಬೇಕು. ಆ ಕೋಚುಗಳು ಅಪಾಯವನ್ನು ಕಾಣದೆ ಹಾಗೆ ಮಾಡಲಿಲ್ಲ. ಕಂಡೇ, ಒಂದು ಅಪಾಯಕ್ಕಿಂತ ಇನ್ನೊಂದು ದೊಡ್ಡದು ಎಂದು ತೂಗಿ ಆರಿಸಿದರು.

ಲಿಬೊಕ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಫೈನಲ್ ಆಡದಿದ್ದರೂ ಅವರು ವಿಶ್ವಕಪ್ ಗೆದ್ದ ತಂಡದವರೇ. ಆಮೇಲಿನ ವರ್ಷಗಳಲ್ಲೂ ದೇಶಕ್ಕೆ ಆಡಿದರು. ಒಂದು ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಮುಂದಿನ ಪಟ್ಟಿಯಲ್ಲೂ ಇಲ್ಲ ಅಂತಲ್ಲ.

ನಾವು ಕಲಿಯಬೇಕಾದದ್ದು

1. ಮೊದಲು ಕೆಲಸ ಹೇಳಿ, ಆಮೇಲೆ ಹೆಸರು ಹೇಳಿ. "ಈ ಪಂದ್ಯಕ್ಕೆ ಎಂಥವರು ಬೇಕು?" ಎಂಬುದು ಮೊದಲ ಪ್ರಶ್ನೆ.

2. "ಇವನನ್ನು ಸೇರಿಸಿ" ಅನ್ನುವವರು "ಇಂಥವನನ್ನು ಬಿಡಿ" ಅಂತಲೂ ಹೇಳಬೇಕು. ಏಳು ಜನರ ಕಬಡ್ಡಿ ಅಂಕಣದಲ್ಲಿ ಎಂಟನೆಯವನಿಗೆ ಜಾಗವಿಲ್ಲ. ಬಿಡುವವನ ಮುಖ ನೋಡಿ ಹೇಳಲು ಆಗದ ಮಾತನ್ನು ಬೆನ್ನ ಹಿಂದೆಯೂ ಹೇಳಬೇಡಿ.

3. ಲೆಕ್ಕ ಕೊಟ್ಟರೆ ಪೂರ್ತಿ ಕೊಡಿ. ಹನ್ನೊಂದು ಅಂಕದ ಪಾಠ ನೆನಪಿರಲಿ.

4. ಎದುರು ಪಕ್ಷದವರ ಒಳ್ಳೆಯ ಮಾತನ್ನು ನಿಮ್ಮ ಬಾಯಿಂದಲೇ ಒಮ್ಮೆ ಹೇಳಿ ನೋಡಿ. ಹೇಳಲು ಬಾರದಿದ್ದರೆ ನಿಮಗೆ ವಿಷಯ ಇನ್ನೂ ಅರ್ಥವಾಗಿಲ್ಲ ಅಂತ.

5. ಜಾತಿ, ಕೇರಿ, ನೆಂಟಸ್ತನ ಇವು ಪಟ್ಟಿಗೆ ಕಾರಣ ಆಗಬಾರದು. ಆದವೆಂದು ಕಂಡರೆ ಸುಮ್ಮನಿರಬೇಡಿ. 1960ರಲ್ಲಿ ಸಹಿ ಹಾಕಿದವರು ಅಂದು ಗೆಲ್ಲಲಿಲ್ಲ. ಆದರೂ ಅವರು ಸಹಿ ಹಾಕಿದ್ದು ಸರಿ.

6. ಪಟ್ಟಿ ಬಂದ ಮೇಲೆ, ಅದು ನ್ಯಾಯವಾದ ಪಟ್ಟಿಯಾದರೆ, ತಂಡ ನಮ್ಮೆಲ್ಲರದು. ಹೊರಗುಳಿದವನೇ ಮೊದಲು ಚಪ್ಪಾಳೆ ತಟ್ಟಿದರೆ ಅವನೂ ಅರ್ಧ ಗೆದ್ದ ಹಾಗೆ.

ಅಭ್ಯಾಸ

ಅ) ಬಿಟ್ಟ ಸ್ಥಳ ತುಂಬಿರಿ:
1. ರಗ್ಬಿಯಲ್ಲಿ ಒಂದು ಟ್ರೈಗೆ ______ ಅಂಕ.
2. 2023ರ ಫೈನಲ್ಲಿನಲ್ಲಿ ದಕ್ಷಿಣ ಆಫ್ರಿಕಾದ ಬೆಂಚಿನಲ್ಲಿದ್ದ ಒಬ್ಬನೇ ಬ್ಯಾಕು ______.
3. 1995ರಲ್ಲಿ ಕಪ್ ಗೆದ್ದ ತಂಡದಲ್ಲಿದ್ದ ಬಿಳಿಯರಲ್ಲದ ಒಬ್ಬ ಆಟಗಾರ ______.

ಆ) ಲೆಕ್ಕ ಮಾಡಿ: ಫ್ರಾನ್ಸ್ ವಿರುದ್ಧ ದಕ್ಷಿಣ ಆಫ್ರಿಕಾ 4 ಟ್ರೈ, 3 ಕನ್ವರ್ಷನ್, 1 ಪೆನಾಲ್ಟಿ ಮಾಡಿತು. ಒಟ್ಟು ಎಷ್ಟು? ಪಾಠದಲ್ಲಿ ಕೊಟ್ಟ ಅಂಕಕ್ಕೆ ತಾಳೆಯಾಗುತ್ತದೆಯೇ ನೋಡಿ.

ಇ) ಹತ್ತು ವಾಕ್ಯದಲ್ಲಿ ಬರೆಯಿರಿ: ನೀವು ಕೋಚ್ ಆಗಿದ್ದರೆ ಮಾರ್ಕ್ಸ್ ಜಾಗಕ್ಕೆ ಯಾರನ್ನು ಕರೆಸುತ್ತಿದ್ದಿರಿ? ಹುಕರನ್ನೋ, ಪೊಲಾರ್ಡ್ ಅವರನ್ನೋ? ಐದು ವಾಕ್ಯ ನಿಮ್ಮ ವಾದಕ್ಕೆ, ಐದು ವಾಕ್ಯ ನಿಮ್ಮ ವಾದದ ವಿರುದ್ಧ.

ಉತ್ತರಗಳನ್ನು ಶನಿವಾರದೊಳಗೆ ತನ್ನಿ. ಚೆನ್ನಾಗಿರುವ ಎರಡು ಉತ್ತರಗಳನ್ನು, ಒಂದು ಪರ, ಒಂದು ವಿರೋಧ, ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸೋಣ. ಮಾತು ಬಿಟ್ಟಿದ್ದ ಆ ಇಬ್ಬರು ಗೆಳೆಯರೇ ಅವನ್ನು ಬರೆದು ತಂದರೆ ನನಗೆ ಇನ್ನೂ ಸಂತೋಷ.